ಮುಚ್ಚಿದ ಕೋಣೆಯಲ್ಲಿ ಅಳಿಸಿಹೋದ ಫೋಟೊಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಕಾಣುವ ಪೈಕಿಯವಳಲ್ಲ. ಮರದ ಕೆಳಗೆ ಬಿಳಿ ಸೀರೆ ಕಂಡಿತು ಎಂದು ಯಾರಾದರೂ ಹೇಳಿದರೆ, ಯಾರದೋ ಮನೆಯ ಬಟ್ಟೆ ಗಾಳಿಗೆ ಹಾರಿ ಬಂದಿರಬೇಕು ಎನ್ನುವ ಹೆಂಗಸು ನಾನು. ಇಷ್ಟು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ ಕಲಿತದ್ದು ಒಂದೇ. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ. ಯಾರೋ ಎಲ್ಲೋ ಒಂದು ಗುಂಡಿ ಒತ್ತಿರುತ್ತಾರೆ, ಆಮೇಲೆ "ನಾನ್ ಎಂತ ಮಾಡ್ಲೇ ಇಲ್ಲೆ" ಎನ್ನುತ್ತಾರೆ.

ಶಿರೂರಿನ ಆ ರಾತ್ರಿ ಗುಂಡಿ ಒತ್ತಿದವರು ಯಾರು... ಅದೊಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೇ ನನಗೆ ಸಮಾಧಾನ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆ ಮನೆಯವರ ಹೆಸರು ಮಾತ್ರ ಬದಲಿಸಿದ್ದೇನೆ, ಬೇರೆ ಒಂದಕ್ಷರವೂ ಸೇರಿಸಿಲ್ಲ.

ನನ್ನ ಅಂಗಡಿ ಕೋಟದಲ್ಲಿ, ಹೆದ್ದಾರಿಯ ಬಸ್ ಸ್ಟಾಪಿನ ಹಿಂದೆ. ಕ್ಯಾಮೆರಾ ಕೂರಿಸುವುದು, ವೈಫೈ ಎಳೆಯುವುದು, ಸತ್ತ ಲ್ಯಾಪ್‌ಟಾಪ್ ಎಬ್ಬಿಸುವುದು ನನ್ನ ಕೆಲಸ. ಬ್ರಹ್ಮಾವರದಿಂದ ಶಿರೂರಿನ ತನಕ ಸ್ಕೂಟರಿನಲ್ಲೇ ತಿರುಗುತ್ತೇನೆ. ಜಲಜಕ್ಕನ ಬಾಯಿ ಜೋರು, ಕೆಲಸ ಚೊಕ್ಕ ಎಂದು ಜನ ಹೇಳುತ್ತಾರೆ. ಎರಡೂ ನಿಜ.

ಶಿರೂರಿನ ಚಂದ್ರಣ್ಣ ನನ್ನ ಹಳೆಯ ಗಿರಾಕಿ. ಮೀನಿನ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವವರು. ಕಡಲಿಂದ ಬಂದವರು ಕೈ ತೊಳೆಯುವ ಮೊದಲೇ ಫೋನ್ ಹಿಡಿಯುತ್ತಿದ್ದರು. ಬಲೆಯ ಫೋಟೊ, ಬಂಗುಡೆಯ ಫೋಟೊ, ಮಗಳು ಹಲ್ಲುಜ್ಜುವ ಫೋಟೊ... ಆಮೇಲೆ ಫೋನ್ ತುಂಬಿತು ಎಂದು ನನ್ನ ಹತ್ತಿರ ಗೋಳು. ಕೊನೆಗೆ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿರುವ ಅವರ ತಮ್ಮ ದಿನಕರ ಒಂದು ಕಪ್ಪು ಪೆಟ್ಟಿಗೆ ತಂದುಕೊಟ್ಟ. ದಪ್ಪ ಪುಸ್ತಕದ ಗಾತ್ರ, ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ವೈಫೈಗೆ ಸಿಕ್ಕಿಸಿಟ್ಟರೆ ಮನೆಯವರ ಫೋನಿನಲ್ಲಿರುವ ಫೋಟೊ, ಧ್ವನಿ, ವಿಡಿಯೊ ಎಲ್ಲ ಅದರೊಳಗೆ ಬಂದು ಕೂರುತ್ತವೆ. ಅಂಗಡಿಯಲ್ಲಿ ಅದಕ್ಕೆ ನ್ಯಾಸ್ ಎನ್ನುತ್ತಾರೆ. ಆ ಮನೆಯಲ್ಲಿ ಅದು ಬರೀ "ಪೆಟ್ಗಿ".

ಹೋದ ವರ್ಷ ಚಂದ್ರಣ್ಣ ಕಡಲಲ್ಲೇ ಹೋಗಿಬಿಟ್ಟರು. ಮುಳುಗಿ ಅಲ್ಲ, ಎದೆನೋವು. ನಿಂತವರು ನಿಂತಲ್ಲೇ ಕುಸಿದರಂತೆ. ಜೊತೆಯವರು ಎತ್ತಿ ಮಲಗಿಸುವಾಗ ಅಂಗಿಯ ಜೇಬಿನಿಂದ ಫೋನ್ ಜಾರಿ ನೀರಿಗೆ ಬಿತ್ತು. ಅವರು ಮನೆಗೆ ಬಂದರು, ಫೋನ್ ಬರಲಿಲ್ಲ.

ಇದಾಗಿ ತಿಂಗಳುಗಳ ಮೇಲೆ ಅವರ ಹೆಂಡತಿ ಗಿರಿಜ ನನಗೆ ಫೋನ್ ಮಾಡಿದಳು.

"ಜಲಜಕ್ಕ, ನನ್ ಹಳೇ ಫೋನ್ ಹಾಳಾಯ್ತಲೆ, ಅದ್ರಗೆ ಇದ್ದದ್ದೆಲ್ಲ ಹೋಯ್ತ್. ಅವ್ರ್ ಮಾತಾಡಿದ್ದ್ ಒಂದ್ ಪೆಟ್ಗಿ ಒಳ್ಗ್ ಮಾತ್ರ ಇತ್ತ್. ಪೆಟ್ಗಿಯೂ ಹಾಳಾರೆ ನಾನ್ ಎಂತ ಮಾಡೂದ್?"

ಮಾತಾಡಿದ್ದು ಎಂದರೆ ಒಂದು ವಾಯ್ಸ್ ಮೆಸೇಜ್. ಕೊನೆಯ ಸಲ ಕಡಲಿಗೆ ಹೋದಾಗ, ಫೋನಿಗೆ ಟವರ್ ಸಿಕ್ಕಿದ ಕೂಡಲೇ ಕಳಿಸಿದ್ದು. ಗಿರಿಜ ನನಗೂ ಒಮ್ಮೆ ಕೇಳಿಸಿದ್ದಳು. ಹಿಂದೆ ಇಂಜಿನ್ನಿನ ಸದ್ದು, ಮುಂದೆ ಚಂದ್ರಣ್ಣನ ಒಡಕು ಸ್ವರ. "ಗಿರಿಜಾ, ಟವರ್ ಸಿಕ್ತ್. ಮೀನ್ ಅಡ್ಡಿಲ್ಲೆ. ಬೆಳಿಗ್ಗೆ ಬತ್ತೆ. ಹೆಣ್ಣ್ ಮನಿಕಂಡಿತಾ?" ಅಷ್ಟೇ. ಮಗಳು ಮಲಗಿದಳಾ ಎಂದು ಕೇಳಿದ್ದು. ಗಿರಿಜ ದಿನಾ ರಾತ್ರಿ ಪೆಟ್ಟಿಗೆಯೊಳಗಿನ ಅದನ್ನು ಹೊಸ ಫೋನಿನಲ್ಲಿ ತೆರೆದು, ಕಿವಿಗೆ ಹಿಡಿದು ಕೇಳಿಯೇ ಮಲಗುವುದು. ಅದೂ ಹೋದರೆ ಆ ಹೆಂಗಸಿಗೆ ಬೇರೆ ಏನು ಉಳಿಯುತ್ತದೆ ಹೇಳಿ.

ದಿನಕರ ಆ ಪೆಟ್ಟಿಗೆಯನ್ನು ಹೇಗೆ ಹೊಂದಿಸಿದ್ದ ಎಂದು ವಿಚಾರಿಸಿದೆ. ಕೇಳಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಎರಡೂ ಕಡೆ ಒಂದೇ ಇರಲಿ ಎಂದು ಇಟ್ಟುಬಿಟ್ಟಿದ್ದಾನೆ ಮಹಾರಾಯ. ಎಂದರೆ ಫೋನಿನಲ್ಲಿ ಏನು ಇದೆಯೋ ಪೆಟ್ಟಿಗೆಯಲ್ಲೂ ಅದೇ ಇರಬೇಕು. ಫೋನಿನಲ್ಲಿ ಅಳಿಸಿದರೆ ಪೆಟ್ಟಿಗೆಯಲ್ಲೂ ಅಳಿಯುತ್ತದೆ. ಇದು ಕಾಪಾಡಿ ಇಡುವ ಕ್ರಮವೇ ಅಲ್ಲ. ಪೆಟ್ಟಿಗೆಗೆ ಬಂದದ್ದು ಬಂದ ಹಾಗೇ ಉಳಿಯುವಂತೆ ಬದಲಿಸಬೇಕು, ಮೇಲಿನಿಂದ ಇನ್ನೊಂದು ಡಿಸ್ಕಿಗೆ ನಕಲು ತೆಗೆದಿಡಬೇಕು. ಅದಕ್ಕೆ ಪಾಸ್‌ವರ್ಡ್ ಬೇಕು, ಅದು ದಿನಕರನ ತಲೆಯಲ್ಲಿ. ಅಣ್ಣ ಹೋಗಿ ವರ್ಷ ತುಂಬುವ ದಿನ ಊರಿಗೆ ಬರುತ್ತೇನೆ, ಅವತ್ತೇ ಬನ್ನಿ ಎಂದ.

ಹೋದೆ. ಸಂಜೆ ಇಳಿಯುವ ಹೊತ್ತು. ಮಳೆ ಮುಗಿದು ಚಳಿ ಇನ್ನೂ ಬಾರದ ದಿನಗಳು, ಸೆಕೆಗೆ ಮೈ ಅಂಟುತ್ತಿತ್ತು. ಯಡ್ತರೆ ದಾಟಿ ಒತ್ತಿನೆಣೆ ಏರು ಹತ್ತುವಾಗ ಸ್ಕೂಟರ್ ಸುಮ್ಮನೆ ಎರಡು ಸಲ ಕೆಮ್ಮಿತು. ಅದೇನು ಸೂಚನೆ ಅಲ್ಲ, ಅದರ ಪ್ಲಗ್ ಹಾಳಾಗಿತ್ತು.

ಪೆಟ್ಟಿಗೆ ಇದ್ದದ್ದು ಚಂದ್ರಣ್ಣ ಮಲಗುತ್ತಿದ್ದ ಕೋಣೆಯಲ್ಲಿ, ಕಪಾಟಿನ ಮೇಲೆ. ದಿನಕರ ಪಾಸ್‌ವರ್ಡ್ ಹೇಳಿದ. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಪುಟ ತೆರೆದೆ. ಸೇರಿಕೊಂಡಿದ್ದ ಫೋನುಗಳ ಪಟ್ಟಿ ಬಂತು. ಗಿರಿಜಳದ್ದು ಹಸಿರು, ದಿನಕರನದ್ದು ಹಸಿರು. ಕೊನೆಯಲ್ಲಿ "ಚಂದ್ರ ಫೋನ್", ಅದು ಬೂದು. ಕೊನೆಯ ಸಂಪರ್ಕ ಹೋದ ವರ್ಷ.

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ನಕಲು ತೆಗೆಯುವುದು ನನ್ನ ಪದ್ಧತಿ. ನನ್ನ ಪುಟ್ಟ ಡಿಸ್ಕನ್ನು ಪೆಟ್ಟಿಗೆಯ ಹಿಂಬದಿಗೇ ಸಿಕ್ಕಿಸಿ ಫೋಟೊಗಳ ನಕಲು ಶುರು ಮಾಡಿದೆ. ರಾಶಿ ಫೋಟೊ, ಹೊತ್ತು ಹಿಡಿಯುತ್ತದೆ. ಧ್ವನಿಯದ್ದು ಚಿಕ್ಕ ಫೋಲ್ಡರ್, ಚಿಟಿಕೆ ಹೊಡೆಯುವುದರಲ್ಲಿ ಆಗುತ್ತದೆ, ಕೊನೆಗೆ ನೋಡಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಗಿರಿಜಳ ಅತ್ತೆ, ಚಂದ್ರಣ್ಣನ ತಾಯಿ, ಬಾಗಿಲಲ್ಲಿ ನಿಂತರು. "ಹೊರಗ್ ಬನ್ನಿ ಮಗಾ. ಇನ್ನ್ ಬಡ್ಸುಕಿತ್ತ್."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದವರಿಗೆ ಅವರ ಕೋಣೆಯಲ್ಲಿ ಎಲೆ ಹಾಕಿ ಬಡಿಸುತ್ತಾರೆ, ಅವರಿಗೆ ಇಷ್ಟವಾದದ್ದೆಲ್ಲ. ದೀಪ ಹಚ್ಚಿ, ಬಾಗಿಲು ಎಳೆದು, ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಹಿರಿಯರು ಎದ್ದು ಕೆಮ್ಮಿ ಬಾಗಿಲು ತೆಗೆಯುವ ತನಕ ಯಾರೂ ಇಣುಕಬಾರದು. ಉಣ್ಣುವವರನ್ನು ಎಬ್ಬಿಸಬಾರದು, ಅಷ್ಟೇ ಅದರ ಅರ್ಥ. ನಮ್ಮ ಮನೆಯಲ್ಲೂ ಮಾಡುತ್ತೇವೆ. ನಂಬಿ ಮಾಡುತ್ತೇನೋ ಅಭ್ಯಾಸಕ್ಕೆ ಮಾಡುತ್ತೇನೋ ಎಂದು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಎಲೆಯ ಮೇಲೆ ಬಂಗುಡೆ ಗಸಿ, ಕೋಳಿ, ಕಡುಬು. ಪಕ್ಕದಲ್ಲಿ ಒಂದು ಸಣ್ಣ ಗ್ಲಾಸು, ಒಂದು ಬೀಡಿ, ಬೆಂಕಿಪೆಟ್ಟಿಗೆ. ಆಗ ದಿನಕರ ಚೀಲದಿಂದ ಒಂದು ಹೊಸ ಫೋನ್ ತೆಗೆದ. ಅಣ್ಣನ ಹತ್ತಿರ ಇದ್ದ ಮಾಡೆಲ್ಲೇ. ಅಣ್ಣನ ನಂಬರಿನ ಸಿಮ್ಮನ್ನೂ ಮಾಡಿಸಿ ತಂದಿದ್ದ.

"ಅಣ್ಣಂಗ್ ಫೋನ್ ಅಂದ್ರೆ ಜೀವ," ಎಂದ. "ಉಂಡಾದ್ ಮೇಲ್ ಹುಡ್ಕುಕಾಗ."

ಅತ್ತೆ ಅದನ್ನು ನೀರಿನ ಲೋಟದ ಪಕ್ಕ ನೆಟ್ಟಗೆ ಮಾಡಿ ಇಟ್ಟರು. ನನಗೆ ಒಳಗೊಳಗೇ ನಗು ಬಂತು, ಮರುಕ್ಷಣ ಚಂದ್ರಣ್ಣ ಕೈ ತೊಳೆಯದೆ ಫೋನ್ ಹಿಡಿಯುತ್ತಿದ್ದದ್ದು ನೆನಪಾಯಿತು. ನನ್ನ ಡಿಸ್ಕ್ ಒಳಗೇ ಇರಲಿ, ಹೊರಗಿಂದ ನೋಡಿಕೊಳ್ಳುತ್ತೇನೆ ಎಂದು ಹೇಳಿ ಲ್ಯಾಪ್‌ಟಾಪ್ ಹಿಡಿದು ಈಚೆ ಬಂದೆ. ಬಾಗಿಲು ಎಳೆದರು.

ಹೊರಗಿನ ಕೋಣೆಯಲ್ಲಿ ಕೂತೆವು. ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಫ್ಯಾನ್ ತಿರುಗುವ ಸದ್ದು, ದೂರದಲ್ಲಿ ಕಡಲು. ನನಗೆ ಸುಮ್ಮನೆ ಕೂತು ಗೊತ್ತಿಲ್ಲ, ಪರದೆ ನೋಡುತ್ತಾ ಕಾಲು ಕುಣಿಸುತ್ತಿದ್ದೆ. ಫೋಟೊಗಳ ನಕಲು ಮುಗಿಯಿತು ಎಂದು ಬಂತು. ಇನ್ನು ಧ್ವನಿಯ ಫೋಲ್ಡರ್ ಒಂದು. ಅದರ ಮೇಲೆ ಒತ್ತಬೇಕು ಎನ್ನುವಷ್ಟರಲ್ಲಿ...

ಕೋಣೆಯೊಳಗೆ ಸದ್ದಾಯಿತು. ಕಿಟಿಕಿಟಿ... ಕಿಟಿ.

ಹೆದರಲಿಲ್ಲ. ಅದು ಪೆಟ್ಟಿಗೆಯ ಡಿಸ್ಕ್ ಓಡುವ ಸದ್ದು, ನನಗೆ ದಿನಾ ಕೇಳಿ ಗೊತ್ತು. ಆದರೆ ನಕಲು ಮುಗಿದಿತ್ತಲ್ಲ, ಈಗ ಓಡುವುದೇಕೆ?

ಫೋನುಗಳ ಪಟ್ಟಿ ನೋಡಿದೆ. "ಚಂದ್ರ ಫೋನ್" ಹಸಿರಾಗಿತ್ತು.

ಕೆಳಗಿನ ದಾಖಲೆಯಲ್ಲಿ ಒಂದು ಸಾಲು ಮೂಡಿತು. ಒಂದು ಫೋಟೊ ಅಳಿಸಲಾಗಿದೆ. ಒಳಗೆ ಕಿಟಿ... ಇನ್ನೊಂದು ಸಾಲು. ಇನ್ನೊಂದು ಫೋಟೊ.

"ದಿನಕರ," ಎಂದೆ, ಸ್ವರ ತಗ್ಗಿಸಿ. "ಆ ಹೊಸ ಫೋನಿಗ್ ನೀ ಎಂತ ಮಾಡಿದ್ದೆ?"

"ಎಂತ ಇಲ್ಲೆ ಅಕ್ಕ. ಸಿಮ್ ಹಾಕಿ ಆನ್ ಮಾಡಿಟ್ಟದ್ದ್, ಅಷ್ಟೇ. ನಂಬರ್ ಅದೇ ಅಲ್ದಾ."

"ಕರ್ಮ ನಿಂದ್. ಅದ್ ಹೊಸ ಫೋನ್, ಒಳ್ಗ್ ಎಂತದೂ ಇಲ್ಲೆ. ಪೆಟ್ಗಿ ಅದನ್ನೇ ಅಣ್ಣನ ಫೋನ್ ಅಂದೇಳಿ ತಿಳ್ಕಂಡಿತ್. ಅಲ್ಲಿ ಖಾಲಿ ಅಂದ್ರೆ ಇಲ್ಲೂ ಖಾಲಿ ಮಾಡ್ತಾ ಇತ್ತ್."

ಹೀಗೆ ಹೇಳಿದಾಗ ನನಗೆ ಭಯವಿರಲಿಲ್ಲ, ಸಿಟ್ಟು ಬಂದಿತ್ತು. ಪ್ರೀತಿಯಿಂದ ಎಲೆಯ ಪಕ್ಕ ಇಟ್ಟ ಫೋನು ಅಣ್ಣನ ನೆನಪನ್ನೆಲ್ಲ ತಿಂದುಹಾಕುತ್ತಿದೆ. ಇಂಥ ತಪ್ಪನ್ನು ನಮ್ಮವರಲ್ಲದೆ ಬೇರೆ ಯಾರು ಮಾಡುತ್ತಾರೆ. ನಿಲ್ಲಿಸು ಎನ್ನುವ ಗುಂಡಿ ಒತ್ತಿದೆ. ನಿಲ್ಲಿಸಲಾಗಿದೆ ಎಂದು ಬಂತು.

ಒಳಗೆ ಕಿಟಿ... ಇನ್ನೊಂದು ಸಾಲು.

ಮತ್ತೆ ಒತ್ತಿದೆ. ನಿಲ್ಲಿಸಲಾಗಿದೆ. ಮತ್ತೊಂದು ಸಾಲು.

ಗಿರಿಜ ನನ್ನ ಪಕ್ಕಕ್ಕೆ ಬಂದು ಕೂತಿದ್ದಳು. "ಜಲಜಕ್ಕ, ಅವ್ರ್ ಮಾತಾಡಿದ್ದ್?"

"ಫೋಟೊ ಎಲ್ಲ ನನ್ ಡಿಸ್ಕಿಗ್ ಬಂದಿತ್, ಹೆದ್ರಬೇಡ. ಸ್ವರದ್ದ್ ಒಂದ್ ಬಾಕಿ. ಈಗ ತೆಗ್ದಿಡ್ತೆ, ತಡಿ."

ಧ್ವನಿಯ ಫೋಲ್ಡರ್ ತೆರೆದೆ. ಮಗಳ ಶಾಲೆಯ ಪದ್ಯ, ಅತ್ತೆಯ ಭಜನೆ, ಮತ್ತೆ ಅದು. ಅದನ್ನು ಹಿಡಿದು ನನ್ನ ಲ್ಯಾಪ್‌ಟಾಪಿಗೆ ಎಳೆದೆ. ಬರಲಿಲ್ಲ. ಈ ಫೈಲ್ ಬೇರೆ ಕಡೆ ತೆರೆದಿದೆ, ಮುಚ್ಚಿದ ಮೇಲೆ ಪ್ರಯತ್ನಿಸಿ ಎಂದು ಬಂತು.

"ನೀ ಕೇಂತಿದ್ಯಾ?" ಎಂದೆ. ಅವಳೇ ಅದನ್ನು ಕೇಳುತ್ತಿರಬೇಕು ಎಂದು ಗಿರಿಜಳ ಫೋನ್ ನೋಡಿದೆ. ಅದು ಮೇಜಿನ ಮೇಲೆ ಕತ್ತಲೆಯಾಗಿ ಬಿದ್ದಿತ್ತು. ದಿನಕರನದ್ದು ಅವನ ಕಿಸೆಯಲ್ಲಿ.

ಇನ್ನೊಮ್ಮೆ ಎಳೆದೆ. ಬೇರೆ ಕಡೆ ತೆರೆದಿದೆ...

ಖಾಲಿ ಫೋನು ಅಳಿಸಿಹಾಕೀತು ಸರಿ. ಕೂತು ಕೇಳುತ್ತದೆಯೇ?

ಎದ್ದೆ. ಮೈನ್ ಸ್ವಿಚ್ ಬಾಗಿಲ ಹತ್ತಿರವೇ ಇತ್ತು. ಕರೆಂಟ್ ತೆಗೆದರೆ ಪೆಟ್ಟಿಗೆ ಸತ್ತ ಹಾಗೆ, ಎಲ್ಲ ನಿಲ್ಲುತ್ತದೆ. ಕೈ ಎತ್ತಿದ್ದೆ, ಅತ್ತೆ ಕೂತಲ್ಲಿಂದಲೇ ಹೇಳಿದರು.

"ಉಂಬತಿಗ್ ಕತ್ಲಿ ಮಾಡೂದಾ ಮಗಾ?"

ಬೈದದ್ದಲ್ಲ. ಸುಮ್ಮನೆ ಕೇಳಿದ್ದು. ಊಟಕ್ಕೆ ಕೂತ ಮಗನ ಮೇಲಿನ ಲೈಟು ತೆಗೆಯುತ್ತೀಯಾ ಎಂದು ಕೇಳಿದ್ದು. ನನ್ನ ಕೈ ತಾನಾಗಿ ಕೆಳಗಿಳಿಯಿತು.

"ಬಾಗ್ಲಾದ್ರೂ ತೆಗಿನಿ ಅಮ್ಮ," ಎಂದ ದಿನಕರ. ಅವನ ಮುಖ ಬಿಳಿಚಿಕೊಂಡಿತ್ತು. "ನಾನ್ ಆ ಫೋನ್ ಎತ್ಕ ಬತ್ತೆ."

"ಅರ್ಧ ಊಟದಗೆ ಎಬ್ಸುಕಾಗ," ಎಂದರು ಆ ತಾಯಿ. "ಎದ್ದ್ ಹೋದ್ರೆ ಮತ್ ಬತ್ರಿಲ್ಲೆ."

ಗಿರಿಜ ಅಷ್ಟರಲ್ಲಿ ಬಾಗಿಲ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದ್ದಳು. ಹಾಗೇ ನಿಂತಳು. ತಿರುಗಿ ನನ್ನನ್ನು ನೋಡಿದಳು. "ತೆಗ್ದ್ರೆ ಅವ್ರ್ ಹೋತ್ರ್. ತೆಗಿದಿದ್ರೆ ಅವ್ರ್ ಸ್ವರ ಹೋತ್ತ್. ನಾನ್ ಎಂತ ಮಾಡೂದ್ ಜಲಜಕ್ಕ?"

ನಾನು ಲ್ಯಾಪ್‌ಟಾಪಿನ ಮುಂದೆ ವಾಪಸ್ ಕೂತು ಆ ಫೈಲನ್ನು ಇನ್ನೊಮ್ಮೆ ಎಳೆದೆ, ಬರಲಿಲ್ಲ.

ಕಿಟಿ... ಸ್ವಲ್ಪ ಬಿಟ್ಟು, ಕಿಟಿಕಿಟಿ... ನಿಲ್ಲುವುದು. ಮತ್ತೆ ಕಿಟಿ. ನಾನು ಇಂಥ ಯಂತ್ರಗಳು ಅಳಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದೇ ಉಸಿರಿಗೆ ಮೇಲಿನಿಂದ ಕೆಳಗೆ ಗುಡಿಸಿಬಿಡುತ್ತವೆ. ಇದು ಹಾಗಿರಲಿಲ್ಲ. ಒಂದನ್ನು ಅಳಿಸಿ, ನಡುವೆ ಕೆಲವನ್ನು ಬಿಟ್ಟು, ಇನ್ನೊಂದು. ಒಂದೊಂದನ್ನೂ ನೋಡಿ, ಯೋಚಿಸಿ ಒತ್ತಿದ ಹಾಗೆ.

ಗಿರಿಜ ಅದನ್ನು ಕೇಳುತ್ತಾ ನಿಂತಿದ್ದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು. "ಅವ್ರ್ ಹಿಂಗೇ. ಉಂಡ್ಕಂಡ್ ಕೂಕಂಡ್, ಫೋನ್ ಫುಲ್ ಆಯ್ತ್ ಅಂದೇಳಿ ಒಂದೊಂದೇ ಡಿಲೀಟ್ ಮಾಡೂದ್. ಒಂದೊಂದ್ ಫೋಟೊ ಎಷ್ಟ್ ಹೊತ್ತ್ ಕಾಂಬುದ್..."

ದಿನಕರ ಗೋಡೆಗೆ ಒರಗಿದ. ನನ್ನ ಮೂಗಿಗೆ ವಾಸನೆ ಬಂತು. ಮೊದಲು ಡೀಸೆಲ್, ಆಮೇಲೆ ಒದ್ದೆ ಬಲೆ, ಆಮೇಲೆ ಬೀಡಿಯ ಹೊಗೆ. ಕಡಲ ಬದಿಯ ಮನೆ, ಮೊದಲಿನ ಎರಡಕ್ಕೆ ನೂರು ಕಾರಣ ಹೇಳಬಹುದು. ಬೀಡಿ ಮಾತ್ರ... ಆ ಮನೆಯಲ್ಲಿ ಈಗ ಬೀಡಿ ಸೇದುವವರು ಯಾರೂ ಇರಲಿಲ್ಲ.

ಪರದೆಯಲ್ಲಿ ಸಾಲುಗಳು ನಿಂತವು. ಒಳಗಿನ ಸದ್ದೂ ನಿಂತಿತು. ಫೋಟೊಗಳ ಸರದಿ ಮುಗಿಯಿತು ಎಂದುಕೊಂಡೆ. ಧ್ವನಿಯ ಫೋಲ್ಡರಿನಲ್ಲಿ ಮಗಳ ಪದ್ಯ ಹಾಗೇ ಇತ್ತು, ಭಜನೆ ಹಾಗೇ ಇತ್ತು. ಮೂರನೆಯದು ಇನ್ನೂ ತೆರೆದೇ ಇತ್ತು.

"ಗಿರಿಜ," ಎಂದೆ. "ಅದೊಂದೇ ಬಾಕಿ. ಈಗ ಅದ್ರಲ್ಲೇ ಇತ್ತ್."

ಅವಳು ಚಿಲಕ ಬಿಟ್ಟಳು. ಬಾಗಿಲಿಗೆ ಹಣೆ ಒತ್ತಿದಳು. ಗಂಡನ ಹೆಸರು ಹಿಡಿದು ಕರೆದವಳಲ್ಲ ಅವಳು, ಅವತ್ತೂ ಕರೆಯಲಿಲ್ಲ.

"ಹ್ವಾಯ್..."

ಒಳಗೆ ಏನೂ ಇಲ್ಲ.

"ಹ್ವಾಯ್, ಕೇಣಿ. ಬೇಕಾದ್ದೆಲ್ಲ ಕೊಂಡ್ಹೋಯ್ನಿ. ಅದೊಂದ್ ಇರ್ಲಿ. ಹೆಣ್ಣ್ ಇನ್ನೂ ಸಣ್ದ್. ಅಪ್ಪಯ್ಯನ ಸ್ವರ ಮರ್ತ್ ಹೋತ್ತ್ ಅದ್ಕೆ." ಅಷ್ಟು ಹೇಳಿ ಅಂಗೈಯನ್ನೂ ಬಾಗಿಲಿಗೆ ಒತ್ತಿದಳು. "ನಂಗೂ ಬೇಕ್," ಎಂದಳು.

ಕಿಟಿ.

ಒಂದೇ ಒಂದು ಸಲ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದ ಮೇಲೆ ನೋಡಿದರೆ ಫೋನುಗಳ ಪಟ್ಟಿಯಲ್ಲಿ "ಚಂದ್ರ ಫೋನ್" ಬೂದಾಗಿತ್ತು. ಫೋಲ್ಡರಿನಲ್ಲಿ ಮೂರೂ ಇದ್ದವು. ಮೂರನೆಯದನ್ನು ಎಳೆದೆ. ಈ ಸಲ ಯಾವ ತಕರಾರೂ ಇಲ್ಲದೆ ಬಂದು ಕೂತಿತು.

ಅತ್ತೆ ಅವಸರ ಮಾಡಲಿಲ್ಲ. ಇನ್ನಷ್ಟು ಹೊತ್ತು ಕೂತು, ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಸೆರಗು ಸರಿಮಾಡಿಕೊಂಡು ಎದ್ದರು. ಬಾಗಿಲ ಮುಂದೆ ನಿಂತು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ತೆಗೆದರು.

ಲೈಟು ಉರಿಯುತ್ತಿತ್ತು. ಎಲೆಯ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಗ್ಲಾಸು ತುಂಬಿಯೇ ಇತ್ತು. ಬೀಡಿ ಹಚ್ಚದೆ ಬಿದ್ದಿತ್ತು, ನಾನು ಎತ್ತಿ ಮೂಸಿಯೂ ನೋಡಿದೆ.

ಮೊದಲು ಹೋಗಿ ಹಿಡಿದದ್ದು ಆ ಹೊಸ ಫೋನನ್ನು. ಪರದೆಯ ಮೇಲೆ ಹೊಸ ಫೋನುಗಳಲ್ಲಿ ಮೊದಲು ಬರುವ ಪುಟ. ನಿಮ್ಮ ಭಾಷೆ ಆರಿಸಿಕೊಳ್ಳಿ ಎಂದು ಕೇಳುತ್ತಾ ನಿಂತಿತ್ತು. ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ವೈಫೈ ಇಲ್ಲ, ಏನಿಲ್ಲ. ಭಾಷೆ ಆರಿಸದ ಫೋನು ಪೆಟ್ಟಿಗೆಯ ಜೊತೆ ಮಾತಾಡಲು ಸಾಧ್ಯವೇ ಇಲ್ಲ. ನನ್ನ ವಿವರಣೆ ಅಲ್ಲಿಗೆ ಮುಗಿಯಿತು.

"ನಾನ್ ಹೇಳ್ಲಿಲ್ಯಾ ಅಕ್ಕ, ಆನ್ ಮಾಡಿಟ್ಟದ್ದ್ ಅಷ್ಟೇ," ಎಂದ ದಿನಕರ. ಅವನಿಗೆ ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಮನೆಯ ವೈಫೈಗೆ ಸೇರಿದ್ದ ಸಾಧನಗಳನ್ನೆಲ್ಲ ಒಂದೊಂದಾಗಿ ನೋಡಿದೆ. ನಮ್ಮವೇ, ನಮ್ಮೆದುರು ಇದ್ದವೇ. ಇನ್ನೊಂದು ಇರಲಿಲ್ಲ.

ಆಮೇಲೆ ಗಿರಿಜ ಉಳಿದ ಫೋಟೊ ಕಾಣಬೇಕು ಎಂದಳು. ಲ್ಯಾಪ್‌ಟಾಪ್ ಮುಂದೆ ನಾಲ್ಕೂ ಜನ ಕೂತೆವು. ರಾಶಿ ಫೋಟೊ ಉಳಿದಿದ್ದವು. ಬಂಗುಡೆಯ ರಾಶಿ, ಮಂಜುಗಡ್ಡೆ, ಇಂಜಿನ್, ಕಡಲು. ಮಗಳು ಹಲ್ಲುಜ್ಜುವುದು, ಮಗಳು ಉಯ್ಯಾಲೆಯಲ್ಲಿ. ಅತ್ತೆ ಮೀನು ಹೆರೆಯುವುದು. ನಾನು ಒಂದೊಂದೇ ಸರಿಸುತ್ತಾ ಹೋದೆ. ಹಾಗಾದರೆ ಹೋದದ್ದು ಯಾವುದು ಎಂದು ತಿಳಿಯಲಿಲ್ಲ.

ಮೊದಲು ಗೊತ್ತಾದದ್ದು ಗಿರಿಜಳಿಗೆ. "ಹುಟ್ಟಿದ್ ಹಬ್ಬದ್ದ್ ಕಾಣಿ," ಎಂದಳು.

ಮಗಳ ಹುಟ್ಟುಹಬ್ಬ. ಕೇಕಿನ ಮುಂದೆ ಮಗಳು ಒಬ್ಬಳೇ ಇರುವುದು ಇತ್ತು. ಗಿರಿಜ ಮಗಳಿಗೆ ತಿನ್ನಿಸುವುದು ಇತ್ತು. ಅಪ್ಪ ಮಗಳ ಕೈ ಹಿಡಿದು ಕತ್ತರಿಸಿದ್ದು ಇರಲಿಲ್ಲ. ಬೋಟಿನವರೆಲ್ಲ ಸಾಲಾಗಿ ನಿಂತದ್ದು ಇರಲಿಲ್ಲ. ಮದುವೆಯದ್ದು ತೆರೆದೆ. ಮದುಮಗಳು ಒಬ್ಬಳೇ ಕೂತ ಒಂದೆರಡು ಮಾತ್ರ ಇದ್ದವು.

ಚಂದ್ರಣ್ಣನ ಮುಖ ಇದ್ದ ಒಂದು ಫೋಟೊವೂ ಉಳಿದಿರಲಿಲ್ಲ. ಗುಂಪಿನ ಮೂಲೆಯಲ್ಲಿ ಅರ್ಧ ಕಂಡದ್ದೂ ಇಲ್ಲ. ಅವರು ಇಲ್ಲದ ಒಂದೇ ಒಂದು ಫೋಟೊವೂ ಹೋಗಿರಲಿಲ್ಲ.

ಆ ಪೆಟ್ಟಿಗೆಗೆ ಮುಖ ಗುರುತಿಸಲು ಬರುವುದಿಲ್ಲ. ಹಳೆಯ ಅಗ್ಗದ ಮಾಡೆಲ್ ಅದು, ನನಗೆ ಅದರ ಹಣೆಬರಹವೆಲ್ಲ ಗೊತ್ತು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದುಹೋದರು. ಇನ್ನು ನನ್ನ ಸರದಿ ಎಂದು ನಾನು ಗಟ್ಟಿ ಸ್ವರದಲ್ಲೇ ಹೇಳಿದೆ, "ಬೇಜಾರ್ ಮಾಡ್ಕಣ್ಬೇಡ ಗಿರಿಜ. ಎಲ್ಲ ನನ್ ಡಿಸ್ಕಗೆ ಇತ್ತ್. ಅಳ್ಸುಕ್ ಮುಂಚೆ ಬಂದದ್ದ್. ಈಗ್ಲೇ ವಾಪಸ್ ಹಾಕಿ ಕೊಡ್ತೆ." ನನಗೆ ನಿಜವಾಗಿ ಖುಷಿಯಾಗಿತ್ತು. ಇಷ್ಟೆಲ್ಲ ಆದಮೇಲೆ ನನ್ನಿಂದ ಒಂದು ಉಪಕಾರ ಆಗುತ್ತದಲ್ಲ ಎಂದು.

ಗಿರಿಜ ಕಣ್ಣು ಒರೆಸಿಕೊಂಡಳು. "ಬೇಡ," ಎಂದಳು.

"ಎಂತಕ್ಕೆ?"

"ನೀವ್ ವಾಪಸ್ ಹಾಕ್ರೆ ಅವ್ರ್ ಮತ್ತೆ ಬಂದ್ ಅಳ್ಸ್ಕ್. ಅವ್ರಿಗ್ ಬೇಡ ಅಂದೇಳಿ ಅಲ್ದಾ ಇಷ್ಟ್ ಮಾಡದ್ದ್. ಅಷ್ಟ್ ದೂರದಿಂದ ಅವ್ರನ್ನ ಮತ್ ನಡ್ಸ್ಬೇಡಿ ಜಲಜಕ್ಕ."

ನಾನು ಡಿಸ್ಕನ್ನು ಪೆಟ್ಟಿಗೆಯಿಂದ ಬಿಡಿಸಿದೆ. ಬೆಚ್ಚಗಿತ್ತು. ಓಡಿದ ಡಿಸ್ಕ್ ಬೆಚ್ಚಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಹಂಗಾರ್ ಇದ್ನ್ ಎಂತ ಮಾಡೂದ್? ಅಳ್ಸಿ ಬಿಡ್ಲಾ?"

ಅವಳು ಚಾಪೆಯ ಮೇಲೆ ಮಲಗಿದ್ದ ಮಗಳನ್ನು ಬಹಳ ಹೊತ್ತು ನೋಡಿದಳು. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೊ ಒಂದಿತ್ತು, ಯಾವುದೋ ಕಾರ್ಡಿಗೆಂದು ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಚಂದ್ರಣ್ಣ ಬೇರೆ ಯಾರೋ ಇದ್ದ ಹಾಗೆ ಬಿಗಿದುಕೊಂಡಿದ್ದರು. ಮಗಳನ್ನು ಎತ್ತಿಕೊಂಡು ನಕ್ಕದ್ದೆಲ್ಲ ನನ್ನ ಕೈಯಲ್ಲಿತ್ತು.

"ಅಳ್ಸ್ಬೇಡಿ. ಈ ಮನಿಗ್ ಮಾತ್ರ ಬೇಡ. ನಿಮ್ಮತ್ರ ಇರ್ಲಿ. ಹೆಣ್ಣ್ ದೊಡ್ಡಾಯಿ, ಅಪ್ಪಯ್ಯನ್ ಮುಖ ಕಾಣ್ಕ್ ಅಂದೇಳಿ ಕೇಂಡ್ರೆ, ಆಗ ಕೊಡಿ."

ಆಯಿತು ಎಂದೆ.

ಎಲೆಯ ಊಟವನ್ನೇ ಎಲ್ಲರಿಗೂ ಬಡಿಸಿದರು, ನಾನೂ ಒಂದು ತುತ್ತು ತಿಂದೆ. ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಿ, ಆ ಸ್ವರವನ್ನು ಗಿರಿಜಳ ಫೋನಿಗೂ ಹಾಕಿಕೊಟ್ಟು, ರಾತ್ರಿ ಉಳಿಯಿರಿ ಎಂದರೂ ಕೇಳದೆ ಹೊರಟೆ. ಡಿಸ್ಕ್ ಸ್ಕೂಟರಿನ ಸೀಟಿನ ಕೆಳಗಿತ್ತು. ಒತ್ತಿನೆಣೆಯಲ್ಲಿ ಹೆದ್ದಾರಿ ಖಾಲಿ. ಲಾರಿಯೊಂದು ಎದುರಾಗಿ ಹೋಯಿತು, ಮತ್ತೆ ಕತ್ತಲೆ. ಸ್ಕೂಟರ್ ಹಿಂದೆ ಭಾರ ಆದಂತೆ ಅನಿಸಿತು. ನಿಲ್ಲಿಸಿ ಟೈರ್ ಒತ್ತಿ ನೋಡಿದೆ, ಗಾಳಿ ಸರಿಯಾಗಿಯೇ ಇತ್ತು. ಹಿಂದಿನ ಸೀಟನ್ನು ಮಾತ್ರ ನಾನು ನೋಡಲಿಲ್ಲ. ಕೋಟ ಮುಟ್ಟುವ ತನಕ ನೋಡಲಿಲ್ಲ.

ಅವತ್ತಿನಿಂದ ಡಿಸ್ಕ್ ನನ್ನ ಮನೆಯ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ಯಾವ ತಂತಿಯೂ ಇಲ್ಲ. ಹೋದ ವಾರ ಗಿರಿಜ ಫೋನ್ ಮಾಡಿದ್ದಳು. ಈಗ ದಿನಾ ಆ ಮೆಸೇಜ್ ಕೇಳುವುದಿಲ್ಲವಂತೆ, ಇದೆ ಎಂದು ಗೊತ್ತಿದ್ದರೆ ಸಾಕಂತೆ. ಕೊನೆಗೆ ಸ್ವರ ಇಳಿಸಿ ಕೇಳಿದಳು, "ನಿಮ್ಮಲ್ಲ್ ಎಂತ ಆಯ್ಲಿಲ್ಲೆ ಅಲ್ದಾ?"

"ಎಂತದೂ ಇಲ್ಲೆ ಮಾರಾಯ್ತಿ," ಎಂದೆ.

ನಿಜವಾಗಿಯೂ ಏನೂ ಆಗಿಲ್ಲ. ಆದರೆ ಅವಳು ಅವತ್ತು ಹೇಳಿದ ಮಾತು ನನ್ನನ್ನು ಮಲಗಲು ಬಿಡುವುದಿಲ್ಲ. ವಾಪಸ್ ಹಾಕಿದರೆ ಅವರು ಮತ್ತೆ ಬಂದು ಅಳಿಸಬೇಕು ಎಂದಳಲ್ಲ. ಆ ಮನೆಯಲ್ಲಿ ಈಗ ಅಳಿಸುವುದಕ್ಕೆ ಏನೂ ಉಳಿದಿಲ್ಲ. ಉಳಿದದ್ದೆಲ್ಲ ನನ್ನ ಕಪಾಟಿನಲ್ಲಿದೆ.

ಇಂಥ ನಕಲನ್ನು ಆಗಾಗ ತೆರೆದು ಪರೀಕ್ಷಿಸುತ್ತಿರಬೇಕು. ಗಿರಾಕಿಗಳಿಗೆ ನಾನೇ ದಿನಾ ಹೇಳುತ್ತೇನೆ. ಎಷ್ಟೋ ಸಲ ಡಿಸ್ಕನ್ನು ಹೊರಗೆ ತೆಗೆದು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಸಿಕ್ಕಿಸಲು ಕೈ ಬರುವುದಿಲ್ಲ. ಸಿಕ್ಕಿಸಿದ ಕೂಡಲೇ ಅವರಿಗೆ ದಾರಿ ಮಾಡಿಕೊಟ್ಟ ಹಾಗಾದರೆ?

ಅವಳ ಮಗಳು ಈಗ ಒಂದನೇ ತರಗತಿ. ಒಂದಲ್ಲ ಒಂದು ದಿನ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಅಪ್ಪಯ್ಯನ ಮುಖ ತೋರಿಸಿ ಎನ್ನುತ್ತಾಳೆ. ಅವತ್ತು ನಾನು ಸಿಕ್ಕಿಸಲೇಬೇಕು. ಅದರೊಳಗೆ ಚಂದ್ರಣ್ಣ ಇನ್ನೂ ಇದ್ದಾರೋ ಇಲ್ಲವೋ, ನನಗೂ ಅವತ್ತೇ ಗೊತ್ತಾಗುವುದು.